ಅಗ್ಗಕ್ಕೆ ಕೊಟ್ಟದ್ದು ನೀನೇ ಅಲ್ವಾ

ಮೊನ್ನೆ ಶನಿವಾರ ಕಟಪಾಡಿಯಲ್ಲಿ ತಂಗಿಯ ಮದರಂಗಿ, ಊಟ ಎಲ್ಲ ಆದ ಮೇಲೆ ಗಂಡಸರ ಮಾಮೂಲು ಕಾರ್ಯಕ್ರಮ ಶುರು, ಚಾಪೆ ಹಾಕಿ ಇಸ್ಪೀಟು. ಯಾವಾಗ್ಲೂ ಉಲಾಯಿ ಪಿದಾಯಿ, ಇಲ್ಲಾಂದ್ರೆ ರಮ್ಮಿ. ಈ ಸಲ ಬೆಂಗ್ಳೂರಿಂದ ಬಂದ ದೊಡ್ಡಮ್ಮನ ಮಗ ಅಣ್ಣನದ್ದು ಒಂದೇ ಹಠ, ಪೋಕರೇ ಆಗ್ಬೇಕು ಅಂತ. ಮೊದ್ಲು ಮೊಬೈಲಲ್ಲಿ ಆಡ್ತಿದ್ದವ, 2025ರ ಆಗಸ್ಟಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿನ ಆನ್‌ಲೈನ್ ಆಟ ಬಂದ್ ಆದ ಮೇಲೆ ಪಾಪ ಕೈ ತುರಿಸ್ತಾ ಉಂಟು. ದುಡ್ಡು ಇಟ್ರೆ ಪೊಲೀಸ್ ಬರುವ ಮೊದ್ಲು ಅತ್ತೆ ಬರ್ತಾರೆ, ಹಾಗಾಗಿ ದುಡ್ಡಿನ ಬದ್ಲು ಒಂದು ಡಬ್ಬಿ ಮಂಜೊಟ್ಟಿ ಕಾಯಿಯೇ ನಮ್ಮ ಚಿಪ್ಸ್. ಎಲೆ ಹಂಚುವ ಕೆಲ್ಸ ನನ್ನದು.

ಮಾವ ಬ್ಯಾಂಕಲ್ಲಿ ಕ್ಯಾಶಿಯರ್ ಆಗಿ ರಿಟೈರ್ ಆದವರು, ಮಹಾ ಜಿಪುಣ. "ಕೈಯಲ್ಲಿ ಎರಡು, ನೆಲದಲ್ಲಿ ಐದು, ಅದ್ರಲ್ಲಿ ಒಳ್ಳೇ ಐದು ಯಾರದ್ದೋ ಅವನಿಗೆ ಎಲ್ಲ, ಅಷ್ಟೇ ಅಲ್ವಾ" ಅಂತ ಕೇಳಿ ಸುಮ್ಮನೆ ಕೂತ್ರು.

ಆ ಒಂದು ಆಟ ಮಾತ್ರ ನನ್ನ ತಲೆಯಿಂದ ಹೋಗ್ತಾ ಇಲ್ಲ. ನೆಲದಲ್ಲಿ ನಾಲ್ಕು ಎಲೆ ಬಿದ್ದಿತ್ತು, ಅದ್ರಲ್ಲಿ ಎರಡು ಆಟೀನು. ಮಧ್ಯದಲ್ಲಿ 20 ಕಾಯಿ. ಅಣ್ಣನ ಕೈಯಲ್ಲಿ ಎಕ್ಕದ ಜೋಡಿ, ಮಾವನನ್ನು ಓಡಿಸಬಾರದು, ಆಸೆ ತೋರಿಸಿ ಉಳಿಸ್ಕೊಳ್ಬೇಕು ಅಂತ ಬರೀ 5 ಕಾಯಿ ದೂಡಿದ. ಮಾವ ಕನ್ನಡಕ ಮೇಲೆ ಮಾಡಿ ಕಾಯಿಗಳನ್ನು ಒಂದೊಂದಾಗಿ ಎಣಿಸಿ ತಾವೂ 5 ಇಟ್ರು. ಕೊನೇ ಎಲೆ ಆಟೀನು ಏಳು. ಮಾವನ ಕೈಯಲ್ಲಿ ಎರಡೂ ಆಟೀನೇ, ಒಟ್ಟು ಐದಾಯ್ತು, ಎಕ್ಕದ ಜೋಡಿ ಸೋತಿತು.

ಅಣ್ಣ ಬೊಬ್ಬೆ ಹೊಡ್ದ, "ಎಂತ ಲಕ್ ಮಾವ ನಿಮ್ದು!"

ಮಾವ ಕಾಯಿ ಬಾಚಿಕೊಳ್ತಾ, "ಲಕ್ ಎಂತದ್ದು ಮಾರಾಯ, ಅಗ್ಗಕ್ಕೆ ಕೊಟ್ಟದ್ದು ನೀನೇ ಅಲ್ವಾ."

ಕಡೆಗೆ ಕೂತು ಲೆಕ್ಕ ಹಾಕಿ ನೋಡಿದೆ, ಮಾವ ಹೇಳಿದ್ದು ಸರಿಯೇ. ಆಟೀನು 13ರಲ್ಲಿ 4 ಕಂಡಾಗಿದೆ, ಉಳಿದದ್ದು 9. ಅವರಿಗೆ ಕಾಣದ ಎಲೆ 46. ಅಂದ್ರೆ ಹೆಚ್ಚುಕಮ್ಮಿ ಐದು ಸಲಕ್ಕೆ ಒಂದು ಸಲ ಬರ್ಬೇಕು. ನಾಲ್ಕು ಸಲ ಐದೈದು ಹೋದ್ರೆ 20, ಒಂದು ಸಲ ಬಂದ್ರೆ ಮಧ್ಯದ 20, ಅಣ್ಣನ 5, ಒಟ್ಟು 25. ಅದೇ ಅಣ್ಣ ಮಧ್ಯದಲ್ಲಿ ಇದ್ದಷ್ಟೇ, 20 ಇಟ್ಟಿದ್ರೆ? ನಾಲ್ಕು ಸಲಕ್ಕೆ 80 ಹೋಗ್ತದೆ, ಬರುವುದು 40. ಆಗ ನಮ್ಮ ಮಾವ ಎಲೆ ಮಡಚಿ ಮಲಗ್ಲಿಕ್ಕೆ ಹೋಗ್ತಿದ್ರು, ಗ್ಯಾರಂಟಿ. ಹಾಗೆ ನೋಡಿದ್ರೆ ಆ ಆಟೀನು ಏಳು ಬರದಿದ್ರೂ ಮಾವ ಇಟ್ಟದ್ದು ಸರಿಯೇ, ಅಣ್ಣ ಇಟ್ಟದ್ದು ತಪ್ಪೇ. ಅವನಿಗೆ ಇದು ಎಷ್ಟು ಹೇಳಿದ್ರೂ ತಲೆಗೆ ಹೋಗುದಿಲ್ಲ, ಬಂದ್ರೆ ಬುದ್ಧಿ, ಬರದಿದ್ರೆ ಲಕ್.

ಇನ್ನೊಂದು, ಎಲೆ ಇಲ್ಲದಾಗ ಇದೇ ಅಣ್ಣ ಭಾರೀ ಗಟ್ಟಿಗ. ಮಧ್ಯದಲ್ಲಿ 10 ಕಾಯಿ ಇರುವಾಗ ಧಡಕ್ಕನೆ 30 ದೂಡ್ತಾನೆ. 10ಕ್ಕೋಸ್ಕರ 30 ಇಡುವವ ನಾಲ್ಕರಲ್ಲಿ ಮೂರು ಸಲ ಎದುರಿನವರನ್ನು ಓಡಿಸಿದ್ರೂ ಬರೀ ಸಮ ಸಮ, ಲಾಭ ಇಲ್ಲ. ಮತ್ತೆ ಒಳ್ಳೇ ಎಲೆಗೆ ಚೂರು, ಖಾಲಿ ಕೈಗೆ ರಾಶಿ ಅಂತ ಗೊತ್ತಾದ್ರೆ ಯಾರು ಓಡ್ತಾರೆ? ಎರಡಕ್ಕೂ ಒಂದೇ ಅಳತೆಯಲ್ಲಿ ಇಟ್ಟಿದ್ರೆ ಮಾವನಿಗೂ ತಲೆಬಿಸಿ ಆಗ್ತಿತ್ತು.

ಅವನ ಸ್ವಭಾವವೇ ಹಾಗೆ ಅನ್ನಿಸ್ತದೆ ನನಗೆ. ದೊಡ್ಡಪ್ಪನ ತೋಟ ಮಾರುವಾಗ, ರೋಡ್ ಸೈಡ್ ಜಾಗ ಮಾರಾಯ್ರೆ, ಪಾರ್ಟಿ ಓಡಿ ಹೋದ್ರೆ ಅಂತ ಹೆದರಿ ಬ್ರೋಕರ್ ಬಾಯಿ ಬಿಡುವ ಮೊದ್ಲೇ ಕಮ್ಮಿ ರೇಟ್ ಹೇಳಿದ. ಆಫೀಸಲ್ಲಿ ಬೇರೆ ಕೆಲ್ಸ ಕೈಯಲ್ಲಿ ಇಲ್ಲದೆ ಬಿಡ್ತೇನೆ ಬಿಡ್ತೇನೆ ಅಂತ ಬೊಬ್ಬೆ. ಕೈಯಲ್ಲಿ ಎಕ್ಕ ಇರುವವರಿಗೇ ಯಾಕೆ ಇಷ್ಟು ಹೆದರಿಕೆ ಅಂತ ನನಗೆ ಇನ್ನೂ ಅರ್ಥ ಆಗ್ಲಿಲ್ಲ. ಅವನೊಬ್ಬನೇ ಅಲ್ಲ, ನಮ್ಮ ಮನೆಯಲ್ಲಿ ಹೆಣ್ಮಕ್ಕಳ ಸಮೇತ ಮುಕ್ಕಾಲು ಪಾಲು ಜನ ಹೀಗೆಯೇ.

ಹಾಗಂತ ಮಾವನನ್ನು ಹೊಗಳ್ಲಿಕ್ಕೆ ಮನಸ್ಸು ಬರುದಿಲ್ಲ. ಮದುವೆಗೆ ಮಾಡಿದ ಬಸ್ಸಿನ ಬಾಡಿಗೆಯಲ್ಲಿ ಅವರ ಪಾಲು ಇನ್ನೂ ಬರ್ಲಿಲ್ಲ, ನಿನ್ನೆ ಫೋನ್ ಮಾಡಿ ಕೇಳಿದ್ರೆ, ಪೋಕರಲ್ಲಿ ಏನೂ ಇಡದೆ ಸರದಿ ದಾಟಿಸುವವರ ಹಾಗೆ ನಗ್ತಾ "ಚೆಕ್" ಅಂತಾರೆ.