ಕಪ್ಪಗಲ್ಲು ಗುಡ್ಡದ ಎತ್ತುಗಳು

ಬಳ್ಳಾರಿಗೆ ಬಂದವರು ಕೋಟೆ ಹತ್ತಿ ಇಳಿದು, ಒಗ್ಗರಣಿ ಮಿರ್ಚಿ ತಿಂದು, ಹಂಪಿ ಕಡೆ ಬಸ್ಸು ಹಿಡಿಯುತ್ತಾರೆ. ಕೋಟೆ ನಾನೂ ನೋಡಿದೆ, ಚೆನ್ನಾಗಿದೆ. ಆದರೆ ಊರಿನ ಪಕ್ಕದಲ್ಲೇ ಇರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳನ್ನು ನೋಡಿದ ಮೇಲೆ ಮನಸ್ಸು ಅಲ್ಲೇ ನಿಂತುಬಿಟ್ಟಿದೆ.

ಗ್ರಾನೈಟ್ ಬಂಡೆಗಳ ನಡುವೆ ಕರಿಕಲ್ಲಿನ ಪಟ್ಟೆಯೊಂದು ಗುಡ್ಡದ ಮೇಲೆ ಹಾದುಹೋಗುತ್ತದೆ. ಅದರ ಮೇಲೆ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳು. ಉದ್ದ ಕೊಂಬಿನ, ಡುಬ್ಬದ ಎತ್ತುಗಳೇ ಜಾಸ್ತಿ. ಹಲವು ನವಶಿಲಾಯುಗದವು, ಸಾವಿರಾರು ವರ್ಷ ಹಳೆಯವು. ಕೆಲವಂತೂ ಕೈಗೆಟುಕದ ಕಡೆ ಇವೆ, ಜೀವ ಕೈಯಲ್ಲಿ ಹಿಡಿದೇ ಬಿಡಿಸಿರಬೇಕು!

ಅಲ್ಲಿ ಕುರಿ ಮೇಯಿಸುತ್ತಿದ್ದ ತಾತ ಒಬ್ಬರು ಸಣ್ಣ ಕಲ್ಲಿಂದ ಒಂದು ಬಂಡೆ ತಟ್ಟಿದರು. ಠಣ್ ಅಂತು, ಥೇಟ್ ಗುಡಿ ಗಂಟೆ. ಮೈ ಜುಮ್ಮೆಂದಿತು.

"ನಾ ಸಣ್ಣೋನಿದ್ದಾಗ ಇಂಥವು ಬಾಳ ಇದ್ವು ನೋಡವ್ವ. ಆ ಕಡೀವೆಲ್ಲ ಒಡದು ಜಲ್ಲಿ ಮಾಡಿದ್ರು."

"ಯಾರೂ ಬ್ಯಾಡ ಅನ್ಲಿಲ್ವಾ ತಾತ?"

"ಯಾರಂತಾರ? ಕ್ವಾರಿ ಕೆಲ್ಸಕ್ಕ ನಾನೂ ಹೋಗೀನಿ. ಮಳಿ ಇಲ್ಲದ ವರ್ಷ ಹೊಟ್ಟಿಗೆ ಏನು ಮಾಡಾಣ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ಒಂದು ಎತ್ತಿನ ಚಿತ್ರ ತೋರಿಸಿ, "ಇಂಥ ಕೊಂಬಿನ ಎತ್ತೂ ಈಗ ನಮ್ಮೂರಾಗಿಲ್ಲ" ಅಂದರು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಹಳೇ ಕಾಲದವರೂ ಗುಡ್ಡ ಒಡೆದವರೇ ಅಲ್ವಾ? ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಇದೇ ಕರಿಕಲ್ಲು ತೆಗೆದು ಕೊಡಲಿ ಮಾಡುತ್ತಿದ್ದರು, ಅದರ ಚೂರುಗಳು ಇನ್ನೂ ಅಲ್ಲಿವೆ. ಆದರೆ ಅವರು ಕಲ್ಲು ತೆಗೆದ ಮೇಲೂ ಗುಡ್ಡ ಉಳಿದಿತ್ತು. ಕ್ವಾರಿ ಹೊಂಡದಲ್ಲಿ ಚಿತ್ರ ಹೋಗಲಿ, ಚಿತ್ರ ಬಿಡಿಸೋಣ ಅಂದರೆ ಬಂಡೆಯೇ ಇಲ್ಲ. ಈ ಸಂಕಟ ನನಗೆ ಕಡಿಮೆ ಆಗಿಲ್ಲ.

ಹೋಗುವವರಿಗೆ ಒಂದು ಮಾತು. ಕಾಯುತ್ತೇನೆ ಅಂದಿದ್ದ ಆಟೋದವರು ಹೇಳದೆ ಕೇಳದೆ ಹೊರಟುಹೋಗಿದ್ದರು. ಆ ಬಿಸಿಲಲ್ಲಿ ರಸ್ತೆವರೆಗೆ ನಡೆದದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆದ್ದರಿಂದ ಆಟೋದವರಿಗೆ ದುಡ್ಡನ್ನು ನೀವು ಊರಿಗೆ ವಾಪಸ್ ಬಂದ ಮೇಲೇ ಕೊಡಿ, ನೀರು ಜಾಸ್ತಿ ಇಟ್ಟುಕೊಳ್ಳಿ. ಬೆಳಗಿನ ಓರೆ ಬಿಸಿಲಲ್ಲಿ ಹೋಗಿ, ನೆತ್ತಿಗೆ ಸೂರ್ಯ ಬಂದರೆ ಗೆರೆಗಳು ಸರಿಯಾಗಿ ಕಾಣುವುದಿಲ್ಲ. ಮೊದಲು ಬಳ್ಳಾರಿಯಲ್ಲೇ ಇರುವ, ಈ ಕಡೆಯ ಶಿಲಾಯುಗದ ನೆಲೆಗಳನ್ನು ಹುಡುಕಿದ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ನೋಡಿಕೊಂಡರೆ ಗುಡ್ಡದಲ್ಲಿ ಏನು ಹುಡುಕಬೇಕೆಂದು ಗೊತ್ತಾಗುತ್ತದೆ. ಫೋಟೋ ಚೆನ್ನಾಗಿ ಬರಲಿ ಅಂತ ಚಿತ್ರಗಳ ಮೇಲೆ ಚಾಕ್‌ಪೀಸ್ ಮಾತ್ರ ಎಳೆಯಬೇಡಿ.