ಕೌಂಟರಿನಲ್ಲಿ ಕೂಗಿ ಹೇಳಿದ ಒಂದು ಮಾತು

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಮೆಡಿಕಲ್‌ನಲ್ಲಿ ಒಂಬತ್ತು ವರ್ಷದಿಂದ ಫಾರ್ಮಸಿಸ್ಟ್ ಆಗಿದ್ದೇನೆ. ಇದು ನಡೆದು ವರ್ಷದ ಮೇಲಾಯಿತು. ಆ ಹುಡುಗನನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಗಲ್ಫಿನಿಂದ ಎರಡು ತಿಂಗಳ ರಜೆಯಲ್ಲಿ ಬಂದು ಮದುವೆಯಾದವನು, ಇಪ್ಪತ್ತೆಂಟು ವರ್ಷ. ಮೊದಲ ದಿನ ಬಂದು ವಿಕ್ಸ್ ತಗೊಂಡ. ಮರುದಿನ ಬ್ಯಾಂಡೇಡ್. ಮೂರನೇ ದಿನ ಓಆರ್‌ಎಸ್ ಪ್ಯಾಕೆಟ್ ಹಿಡಿದುಕೊಂಡು ನಿಂತೇ ಇದ್ದ. ಜನ ಕಮ್ಮಿಯಾಗಲಿ ಅಂತ ಕಾಯುತ್ತಿದ್ದ ಅಂತ ನನಗೆ ಹೊಳೆಯಲಿಲ್ಲ. ಸಂಜೆ ಆರೂವರೆ, ಬಸ್ಸಿಳಿದವರೆಲ್ಲ ನಮ್ಮಲ್ಲೇ. ಕೊನೆಗೆ ಬಗ್ಗಿ ಕೇಳಿದ: "ಅಣ್ಣಾ, ಗಂಡಸರದ್ದು ಒಂದು ಮಾತ್ರೆ ಉಂಟಲ್ಲ, ಸಿಗ್ಬಹುದಾ?"

2024ರಲ್ಲಿ ಕೇರಳದಲ್ಲಿ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯುವ ಆಪರೇಷನ್ ಅಮೃತ್ ಶುರುವಾದ ಮೇಲೆ ಆಂಟಿಬಯೋಟಿಕ್‌ಗೆ ಚೀಟಿ ಕೇಳಿ ಕೇಳಿ ನನ್ನ ಗಂಟಲು ದೊಡ್ಡದಾಗಿತ್ತು. ಅದೇ ಗಂಟಲಲ್ಲಿ ಹೇಳಿದೆ: "ಅದಕ್ಕೆಲ್ಲ ಡಾಕ್ಟ್ರ ಚೀಟಿ ಬೇಕು. ಚೀಟಿ ಉಂಟಾ?"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಅವರಲ್ಲಿ ಅವನ ಅತ್ತೆಮನೆ ಕಡೆಯವರೊಬ್ಬರೂ ಇದ್ದರು. ಅವನು ಓಆರ್‌ಎಸ್ ಅಲ್ಲೇ ಇಟ್ಟು ಹೋದ.

ಅವನು ಕೇಳಿದ್ದು ಸಿಲ್ಡೆನಾಫಿಲ್, ಅಂದರೆ ವಯಾಗ್ರದ ಮದ್ದು. ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಯದ್ದು. ಚೀಟಿ ಕೇಳಲೇಬೇಕಿತ್ತು. ಆದರೆ ನಾಲ್ಕು ಹೆಜ್ಜೆ ಆಚೆ ಕರೆದು ಕೇಳಬಹುದಿತ್ತು. ಅಷ್ಟು ಮಾಡದೆ ಹೋದದ್ದರಿಂದ ಏನಾಯಿತು ಎಂದು ಹತ್ತು ದಿನ ಕಳೆದ ಮೇಲೆ ಗೊತ್ತಾಯಿತು.

ಅವತ್ತು ಮಧ್ಯಾಹ್ನ ಎರಡು ಗಂಟೆ. ಅಂಗಡಿಯಲ್ಲಿ ನಾನೊಬ್ಬನೇ. ಅವನು ಎದೆ ಹಿಡಿದುಕೊಂಡು ಬಂದ. "ಅಣ್ಣಾ, ಎದೆ ಬಿಗೀತಾ ಉಂಟು. ಅಪ್ಪ ನಾಲಿಗೆ ಅಡಿಗೆ ಇಡುವ ಮಾತ್ರೆ ಕೊಡಿ ಬೇಗ." ಅವನ ಅಪ್ಪನಿಗೆ ತಿಂಗಳು ತಿಂಗಳು ಹೃದಯದ ಎದೆನೋವಿನ ಆ ಮಾತ್ರೆ, ಸಾರ್ಬಿಟ್ರೇಟ್, ಕೊಡುವವನು ನಾನೇ. ಪಾಪ, ಹುಡುಗ ಹೋಗಿಬಿಡುತ್ತಾನೆ ಅಂತ ಹೆದರಿದೆ. ಸ್ಟ್ರಿಪ್ ಎಳೆದು ಕತ್ತರಿ ಹಾಕಿಯೂ ಆಯಿತು. ಅದಕ್ಕೂ ಚೀಟಿ ಬೇಕು. ಅವತ್ತು ನನ್ನ ಬಾಯಿಗೆ ಆ ಮಾತು ಬರಲೇ ಇಲ್ಲ.

ಮಾತ್ರೆ ಕೊಡಲು ಕೈ ಚಾಚಿದಾಗ ಅವನ ಮುಖ ನೋಡಿದೆ. ಕಿವಿಯ ತನಕ ಕೆಂಪು. ಮೂಗು ಕಟ್ಟಿದ ದನಿ. ಕೈ ಹಿಂದೆ ತಗೊಂಡೆ.

"ಎಂತ ತಿಂದಿದ್ದಿ?"

"ಎಂತ ಇಲ್ಲ."

"ಯಾವ್ದಾದ್ರೂ ಮಾತ್ರೆ?"

"ಇಲ್ಲ ಅಂದೆನಲ್ಲ."

ಕೂರಿಸಿ ಬಿಪಿ ನೋಡಿದೆ. 94/60, ನಾಡಿ 118. ಅವನು ಕಣ್ಣು ಎತ್ತುತ್ತಿರಲಿಲ್ಲ. ಅವತ್ತಿನ ನನ್ನ ಕೂಗು ನಮ್ಮಿಬ್ಬರ ನಡುವೆ ನಿಂತಿತ್ತು. ಶಟರ್ ಅರ್ಧ ಎಳೆದು ಅವನ ಎದುರು ನೆಲದಲ್ಲಿ ಕೂತೆ. "ಅವತ್ತು ನಾನು ಹಾಗೆ ಹೇಳಬಾರದಿತ್ತು, ತಪ್ಪಾಯ್ತು. ಈಗ ಹೇಳು ಮಾರಾಯ. ಇಲ್ಲದಿದ್ರೆ ನಾನು ಕೊಡುವ ಮದ್ದೇ ನಿನ್ನನ್ನು ಕೊಲ್ಲಬಹುದು." ಆಮೇಲೆ ಎಷ್ಟು ಹೊತ್ತು ಸುಮ್ಮನಿದ್ದನೋ. ಒಂದು ನಿಮಿಷ ಇರಬಹುದು. ನನಗೆ ಅದು ಮುಗಿಯಲೇ ಇಲ್ಲ.

ಕಿಸೆಯಿಂದ ಒಂದು ಡಬ್ಬಿ ತೆಗೆದ. ಪೋಸ್ಟರ್ ನೋಡಿ ಫೋನ್ ಮಾಡಿ ತರಿಸಿದ 'ಶಕ್ತಿ' ಗುಳಿಗೆ. ಒಳಗೆ ಏನಿದೆ ಅಂತ ಡಬ್ಬಿಯ ಮೇಲೆ ಒಂದಕ್ಷರ ಇಲ್ಲ. ಒಂದರ ಬದಲು ಎರಡು ನುಂಗಿದ್ದ.

ಇಂಥ ಗುಳಿಗೆಗಳಲ್ಲಿ ಸಿಲ್ಡೆನಾಫಿಲ್ ಕದ್ದು ಬೆರೆಸಿರುವುದು ಎಷ್ಟೋ ಸಲ ಪರೀಕ್ಷೆಯಲ್ಲಿ ಸಿಕ್ಕಿದೆ. ಅದೂ ರಕ್ತನಾಳ ಸಡಿಲಿಸುತ್ತದೆ (ಮುಖ ಕೆಂಪಾಗುವುದು, ಮೂಗು ಕಟ್ಟುವುದು ಅದಕ್ಕೇ), ಸಾರ್ಬಿಟ್ರೇಟೂ ಸಡಿಲಿಸುತ್ತದೆ. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಬೀಳುತ್ತದೆ. ಕತ್ತರಿಸಿದ ಆ ಸ್ಟ್ರಿಪ್ ನನ್ನ ಎಡಗೈಯಲ್ಲೇ ಇತ್ತು. ಮಲಗಿಸಿ ಕಾಲು ಎತ್ತರಕ್ಕಿಟ್ಟೆ. ಆಟೋ ಕರೆದು ನಾನೇ ಆಸ್ಪತ್ರೆಗೆ ಕರೆದೊಯ್ದೆ. ನುಂಗಿದ್ದನ್ನು ಡಾಕ್ಟರಿಗೆ ಹೇಳಿ ಡಬ್ಬಿ ತೋರಿಸಿದೆವು. ಇಸಿಜಿ ಸರಿಯಿತ್ತು. ಎದೆ ಬಿಗಿದದ್ದು ಹೆದರಿಕೆಗೆ ಅಂದರು. ಸಂಜೆಗೆ ಮನೆಗೆ ಬಿಟ್ಟರು.

ಅವನ ದೇಹಕ್ಕೆ ಯಾವ ರೋಗವೂ ಇರಲಿಲ್ಲ. ಮದುವೆಯ ಓಡಾಟದಲ್ಲಿ ನಿದ್ದೆಗೆಟ್ಟು ಮೊದಲ ರಾತ್ರಿ ಆಗಲಿಲ್ಲ, ಅಷ್ಟೇ. ಎರಡನೇ ರಾತ್ರಿ 'ಇವತ್ತೂ ಆಗದಿದ್ರೆ?' ಎಂದು ತನ್ನನ್ನೇ ನೋಡುತ್ತಾ ಕೂತ. ಹೆದರಿದಾಗ ಅಡ್ರಿನಲಿನ್ ರಕ್ತನಾಳ ಬಿಗಿಯುತ್ತದೆ. ನಿಮಿರುವುದಕ್ಕೆ ಅವು ಸಡಿಲವಾಗಬೇಕು. ಹಾಗಾಗಿ ಹೆದರಿಕೆಯೇ ಮತ್ತೊಂದು ಸೋಲು ತರುತ್ತದೆ, ಆ ಸೋಲು ಇನ್ನಷ್ಟು ಹೆದರಿಕೆ ತರುತ್ತದೆ. ಆಮೇಲೆ ಅವನು ಹೋಗಿ ಕಂಡ ಮಾನಸಿಕ ತಜ್ಞರು ಅವನನ್ನು ಮೊದಲು ಕೇಳಿದ್ದು, ಬೆಳಗ್ಗೆ ಎದ್ದಾಗ ತಾನಾಗಿ ನಿಮಿರಿರುತ್ತದಾ ಅಂತ. ಹೌದು ಅಂದ. ಹಾಗಾದರೆ ನರ, ರಕ್ತದ ಓಡಾಟ ಹೆಚ್ಚುಕಮ್ಮಿ ಸರಿಯೇ ಇದೆ ಎಂದು ಬಿಡಿಸಿ ಹೇಳಿದರು. ಆ ಒಂದು ಮಾತಿಗೇ ಅರ್ಧ ಹಗುರಾದೆ ಅಂತ ನನ್ನಲ್ಲಿ ಹೇಳಿದ. ಕೆಲವು ವಾರ ಕೂಡುವುದು ಬೇಡವೇ ಬೇಡ, ಸುಮ್ನೆ ಒಬ್ಬರನ್ನೊಬ್ಬರು ಮುಟ್ಟಿಕೊಂಡು ಮಲಗಿ ಎಂದು ಇಬ್ಬರಿಗೂ ಹೇಳಿ ಕಳಿಸಿದರಂತೆ. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ತೋರಿಸಿಕೊಟ್ಟ ದಾರಿ ಇದು. ಪರೀಕ್ಷೆಯೇ ಇಲ್ಲ ಅಂದಮೇಲೆ ಸೋಲುವುದೆಲ್ಲಿ ಬಂತು? ಹೆಂಡತಿಗೂ ಅಷ್ಟು ದಿನ 'ನನ್ನದೇ ತಪ್ಪೇನೋ' ಅನ್ನುವ ಕೊರಗಿತ್ತಂತೆ.

ನಲವತ್ತೈದು ದಾಟಿದವರಲ್ಲಿ, ಶುಗರ್, ಬಿಪಿ, ಸಿಗರೇಟು ಇರುವವರಲ್ಲಿ ಲೆಕ್ಕ ಬೇರೆ. ಅಲ್ಲಿ ನಿಮಿರದಿರುವುದು ಹೃದಯದ ರಕ್ತನಾಳ ಕಟ್ಟುತ್ತಿರುವುದರ ಮೊದಲ ಸುಳಿವೂ ಆಗಿರಬಹುದು. ಅಂಥವರು ನಾಚಿಕೆಯಲ್ಲಿ ಡಬ್ಬಿ ತರಿಸಿ ನುಂಗಿದರೆ ನನಗೆ ಜಾಸ್ತಿ ಭಯ. ಲೈಂಗಿಕ ಶಕ್ತಿಯ ಮದ್ದಿಗೆ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ. ಆದರೂ ಬಸ್‌ಸ್ಟ್ಯಾಂಡಿನ ಕಂಬದಲ್ಲಿ ಆ ಪೋಸ್ಟರ್ ಹಾಗೇ ಉಂಟು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಎಕ್ಸ್‌ಪೈರಿ ಗೊತ್ತು, ಸ್ಕೀಮ್ ಗೊತ್ತು. ಸಾರ್ಬಿಟ್ರೇಟ್ ತಗೊಳ್ಳುವವನಿಗೆ ಸಿಲ್ಡೆನಾಫಿಲ್ ಬಿಲ್ ಆದರೆ ಅದು ತುಟಿ ಬಿಚ್ಚುವುದಿಲ್ಲ.

ಕೌಂಟರಿನ ಕೊನೆಗೆ ಒಂದು ಪ್ಲೈವುಡ್ ಮರೆ ಹಾಕಿಸಿ ಎಂದು ಮಾಲೀಕರಲ್ಲಿ ಕೇಳಿ ಎಂಟು ತಿಂಗಳಾಯಿತು. ನೋಡುವ ಅಂದರು. ಆ ಜಾಗದಲ್ಲಿ ಈಗ ಬೇಬಿ ಫುಡ್ ಸ್ಟ್ಯಾಂಡ್ ಬಂದಿದೆ. ನಾನು ಗೋಡೌನ್ ಬಾಗಿಲ ಹತ್ತಿರ ಒಂದು ಸ್ಟೂಲ್ ಹಾಕಿದ್ದೇನೆ. ಯಾರಾದರೂ ಬೇಡದ ವಿಕ್ಸ್ ಕೈಯಲ್ಲಿ ಹಿಡಿದು ನಿಂತೇ ಇದ್ದರೆ, ಅಲ್ಲಿಗೆ ಕರೆಯುತ್ತೇನೆ.