ತೋಟೆ ತುಂಬಿಸುವ ಮಿಷನ್ ಊರಿಗೂ ತರಿಸಬಹುದಾ?

ಅಮೆರಿಕದ ಓಹಾಯೋದಲ್ಲಿ ನಾಲ್ಕು ವರ್ಷ ಇದ್ದು ಕಾರ್ಕಳಕ್ಕೆ ವಾಪಸ್ ಬಂದವನು ನಾನು. ಮದುವೆ ಮನೆ ಇರಲಿ, ಕೋಲ ಇರಲಿ, ಒಬ್ಬರಾದರೂ ಹತ್ತಿರ ಬಂದು ಕೇಳಿಯೇ ಕೇಳುತ್ತಾರೆ. "ನೀನು ಅಲ್ಲಿ ತೋಟೆ ತುಂಬಿಸ್ಲಿಕ್ಕೆ ಕಲ್ತಿದ್ದಿಯಂತೆ ಮಾರಾಯ, ಕಷ್ಟ ಉಂಟಾ? ಆ ಮಿಷನ್ ಇಲ್ಲಿಗೆ ತರಿಸಬಹುದಾ?" ತೋಟೆ ತುಂಬಿಸುವುದು ಅಂದರೆ ಹಾರಿಸಿ ಖಾಲಿಯಾದ ಕೋವಿಯ ತೋಟೆಗೆ (ಕಾಡತೂಸಿಗೆ) ಮತ್ತೆ ಮದ್ದು, ಗುಂಡು ಹಾಕಿ ಹೊಸತು ಮಾಡುವುದು. ಕೇಳುವವರು ಹೆಚ್ಚಾಗಿ ತೋಟದವರು. ಹಂದಿ, ಮಂಗನ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಇಟ್ಟುಕೊಂಡವರು, ತೋಟೆಯ ರೇಟು ಕೇಳಿ ತಲೆಬಿಸಿ ಮಾಡಿಕೊಂಡವರು.

ತರಿಸುವ ವಿಷಯ ಮೊದಲು ಮುಗಿಸುತ್ತೇನೆ. ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲಿಕ್ಕೆ ಬೇರೆಯೇ ಲೈಸೆನ್ಸ್ ಬೇಕು, ತೋಟದ ಕೋವಿಯ ಲೈಸೆನ್ಸ್ ಅದಕ್ಕೆ ಆಗುವುದಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯೂ ಆಗಬಹುದು. ಅಲ್ಲಿಯ ಕಾನೂನು ಬೇರೆ. ಅಲ್ಲಿ ಜನ ಹವ್ಯಾಸಕ್ಕೆ ಗ್ಯಾರೇಜಿನಲ್ಲಿ ಕೂತು ಮಾಡುತ್ತಾರೆ.

ಇನ್ನು ಕಷ್ಟವಾ ಅಂದರೆ, ಮಿಷನ್ ಕಷ್ಟ ಅಲ್ಲವೇ ಅಲ್ಲ. ಕರೆಂಟೂ ಬೇಡ. ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ಒಂದು ಕಬ್ಬಿಣದ ಚೌಕಟ್ಟು, ಅದಕ್ಕೊಂದು ಉದ್ದದ ಹಿಡಿ. ನಮ್ಮ ಸೇಮಿಗೆ ಒತ್ತುವ ಮಣೆಯ ತಮ್ಮ ಅನ್ನಿ. ಹಾರಿಸಿದ ಮೇಲೆ ಹಿತ್ತಾಳೆಯ ತೋಟೆ ಸ್ವಲ್ಪ ಉಬ್ಬಿರುತ್ತದೆ. ಹಿಡಿ ಒತ್ತಿದರೆ ಅದು ಮೇಲಿನ ಡೈ ಎಂಬ ಅಚ್ಚಿನೊಳಗೆ ಹೋಗಿ ಹಳೆ ಅಳತೆಗೆ ಬರುತ್ತದೆ, ಒಳಗಿನ ಸೂಜಿ ಸುಟ್ಟ ಕೇಪನ್ನು, ಅಂದರೆ ಮದ್ದಿಗೆ ಕಿಡಿ ಕೊಡುವ ತಳದ ಪುಟ್ಟ ಬಿಲ್ಲೆಯನ್ನು, ಕೆಳಗೆ ತಳ್ಳುತ್ತದೆ. ಆಮೇಲೆ ಹೊಸ ಕೇಪು, ಮದ್ದು, ಕೊನೆಗೆ ಗುಂಡು. ನನಗೆ ಕಲಿಸಿದ ಪಕ್ಕದ ಮನೆಯ ಅಜ್ಜ ಐವತ್ತು ತೋಟೆಗೂ ಒಂದು ಕೆಲಸ ಪೂರ್ತಿ ಮುಗಿಯುವ ತನಕ ಮುಂದಿನದ್ದಕ್ಕೆ ಕೈ ಹಾಕಲು ಬಿಡುತ್ತಿರಲಿಲ್ಲ.

ಮೊದಲ ದಿನವೇ ನಾನು ಮರ್ಯಾದೆ ಕಳೆದುಕೊಂಡೆ. ರೈಫಲಿನ ತೋಟೆಗೆ ಡೈಯೊಳಗೆ ಹೋಗುವ ಮೊದಲು ಜಾರುವ ಹಾಗೆ ಒಂಚೂರು ಎಣ್ಣೆಯಂಥದ್ದು ಸವರಬೇಕು. ಎಂಟೋ ಒಂಬತ್ತೋ ಸರಿ ಹೋಯಿತು, ಮಾತಾಡುತ್ತಾ ಒಂದಕ್ಕೆ ಮರೆತೆ. ಅರ್ಧ ಹೋಗಿ ಕೂತುಬಿಟ್ಟಿತು. ಎಣ್ಣೆ ಹಚ್ಚದ ಮಣೆಯಲ್ಲಿ ಹಿಟ್ಟು ಕಚ್ಚಿಕೊಳ್ಳುತ್ತದಲ್ಲ, ಹಾಗೆ. ನಾನು ಹಿಡಿಗೆ ಜೋತುಬಿದ್ದೆ, ತೋಟೆಯ ಅಂಚು ಹರಿದು ಬಂತೇ ಹೊರತು ತೋಟೆ ಬರಲಿಲ್ಲ. ಅಜ್ಜ ಬೈಯಲಿಲ್ಲ. ತೋಟೆಯ ತಳಕ್ಕೆ ಡ್ರಿಲ್ ಹಾಕಿ, ಮರೆ ಕೊರೆದು, ಬೋಲ್ಟ್ ತಿರುಗಿಸಿ ಎಳೆದು ತೆಗೆದರು. ಅದಕ್ಕೆಂದೇ ಪುಟ್ಟ ಕಿಟ್ ಅವರ ಡ್ರಾಯರಿನಲ್ಲಿತ್ತು! ಎಷ್ಟು ಜನ ಹೊಸಬರು ಹೀಗೆ ಮಾಡಿರಬೇಕು ಅಂತ ಸಮಾಧಾನ ಆಯಿತು.

ಭಯ ಇರುವುದು ಮದ್ದಿನ ಹತ್ತಿರ. ಇಲ್ಲಿ ನಮ್ಮೂರಿನವರಿಗೆ ಒಂದು ತಪ್ಪು ಧೈರ್ಯ ಉಂಟು, "ಅಜ್ಜಂದಿರು ಕೇಪಿನ ಕೋವಿಗೆ ಅಂದಾಜಿನಲ್ಲೇ ತುಂಬಿಸ್ತಿದ್ರಲ್ವಾ?" ಅದು ನಳಿಗೆಯ ಬಾಯಿಯಿಂದ ಸುರಿಯುವ ಕರಿಮದ್ದು. ತೋಟೆಯೊಳಗಿನದು ಹೊಗೆಯಿಲ್ಲದ ಮದ್ದು, ಅದರ ಒತ್ತಡದ ಲೆಕ್ಕವೇ ಬೇರೆ. ಅದನ್ನು ಹಳೇ ಕೇಪಿನ ಕೋವಿಗೆ ಸುರಿದರೆ ನಳಿಗೆಯೇ ಒಡೆದು ಕೈ ಹೋಗಬಹುದು. ದಯವಿಟ್ಟು ತೋಟೆ ಬಿಚ್ಚಿ ಆ ಸಾಹಸ ಮಾಡಬೇಡಿ. ಅಲ್ಲಿ ಮದ್ದನ್ನು ತೂಗುವುದು ಗ್ರೇನ್‌ನಲ್ಲಿ, ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ತಕ್ಕಡಿ ಗ್ರೇನಿನ ಹತ್ತನೇ ಒಂದು ಪಾಲನ್ನೂ ತೋರಿಸುತ್ತದೆ. ಎಷ್ಟು ಹಾಕಬೇಕು ಅನ್ನುವುದು ಮದ್ದು ಮತ್ತು ಗುಂಡಿನ ಕಂಪನಿಗಳು ಅಚ್ಚು ಹಾಕಿದ ಪುಸ್ತಕದಲ್ಲಿರುತ್ತದೆ, ಸ್ವಂತ ಬುದ್ಧಿ ಅಲ್ಲಿ ಓಡಿಸುವ ಹಾಗಿಲ್ಲ.

ಪಿಸ್ತೂಲಿನ ತೋಟೆಯಲ್ಲಿ ಇನ್ನೊಂದು ಮೋಸ. ಕೆಲವು ಮದ್ದು ಅರ್ಧ ಜಾಗವನ್ನೂ ತುಂಬುವುದಿಲ್ಲ, ಮರೆತು ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ, ಗೊತ್ತೇ ಆಗುವುದಿಲ್ಲ. ಸುರಿಯದೇ ಬಿಟ್ಟರೋ, ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯ ಮಧ್ಯ ಹೋಗಿ ನಿಲ್ಲುತ್ತದೆ. ಸದ್ದು ಸಣ್ಣದಾಯಿತಲ್ಲ ಅಂತ ಯೋಚಿಸದೆ ಮುಂದಿನ ಈಡು ಹಾರಿಸಿದರೆ ಕಥೆ ಮುಗಿಯಿತು. ಅದಕ್ಕೆ ಅಜ್ಜ ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಟ್ರೇಯ ಐವತ್ತನ್ನೂ ಸಾಲಾಗಿ ಬಗ್ಗಿ ನೋಡುತ್ತಿದ್ದರು. ಆಗ ರೇಡಿಯೋ ಬಂದ್, ನನ್ನ ಫೋನ್ ಅಡುಗೆ ಮನೆಯಲ್ಲಿ. ಕಾಫಿ ಕುಡಿಯಬೇಕೆಂದರೂ ಸೋಪು ಹಾಕಿ ಕೈ ತೊಳೆಯಬೇಕು, ಸೀಸದ ಗುಂಡು ಮುಟ್ಟಿದ ಕೈ ಅಲ್ವಾ.

ದುಡ್ಡು ಉಳಿಯಿತಾ? ಒಂದೊಂದು ತೋಟೆ ಅಗ್ಗಕ್ಕೆ ಬಿತ್ತು ನಿಜ. ಆದರೆ ತುಂಬಿಸಿದ್ದೇನೆ ಅಂತ ವಾರವಾರ ಹೋಗಿ ಜಾಸ್ತಿ ಹಾರಿಸಿದೆ.

ಹೆಬ್ರಿಯ ಮಾವ ಇದಷ್ಟನ್ನೂ ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿದರು. ಚುನಾವಣೆ ಬಂದಾಗೆಲ್ಲ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬಂದು ಬಂದು ಸುಸ್ತಾದವರು ಅವರು. ಅಂಗಳಕ್ಕೆ ಹೋಗಿ ಉಗಿದು ಬಂದು ಕೇಳಿದರು, "ಅಲ್ಲ ಮಾರಾಯ, ಈ ಸೋಲಾರ್ ಬೇಲಿಗೆ ಎಷ್ಟಾಗ್ತದೆ?"